ಆತ್ಮರತಿ, ಅಭಿಮಾನ, ಕೊಬ್ಬು: ಹೊಸೂರು ಸೀಮೆಯಿಂದ ಕಂಡ ಸ್ವಪ್ರಶಂಸೆಯ ಚರಿತ್ರೆ

ಬೆಂಗಳೂರಿನ ಹೊಸೂರು ರಸ್ತೆಯ ಆರಂಭದ ಭಾಗದಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್, ಇದೆ. ಅದೇ ರಸ್ತೆ ಸುಮಾರು 30 ಕಿ.ಮೀ. ಸಾಗಿ, ಅತ್ತಿಬೆಲೆಯನ್ನು ದಾಟಿ, ಜೂಜುವಾಡಿಯಲ್ಲಿ ತಮಿಳುನಾಡನ್ನು ಪ್ರವೇಶಿಸುತ್ತದೆ. ಗಡಿಯ ತನಿಖಾಠಾಣೆಯಿಂದ ಹೆಸರಾದ ಜೂಜುವಾಡಿ ಇಂದು ಹೊಸೂರು ಮಹಾನಗರಪಾಲಿಕೆಯ ಒಂದು ಭಾಗ. ಹೊಸೂರು ತಾಲ್ಲೂಕು 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು; ಅನಂತರ ಸೇಲಂ ಜಿಲ್ಲೆಗೆ ಸೇರಿತು; 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಒಳಪಟ್ಟಿತು. ಆಡಳಿತ ಹೀಗೆ ಕೈಬದಲಾದರೂ ಕನ್ನಡ, ತೆಲುಗು, ತಮಿಳುಗಳು ಇಲ್ಲಿನ ಬೀದಿಗಳಲ್ಲಿ ಒಟ್ಟಿಗೇ ಉಳಿದವು. ರಸ್ತೆಯ ಒಂದು ತುದಿಯಲ್ಲಿ ಮನುಷ್ಯನ ಮನಸ್ಸನ್ನು ಆಧುನಿಕ ಶಾಸ್ತ್ರದ ಪರಿಭಾಷೆಯಲ್ಲಿ ಅಳೆಯುವ ಸಂಸ್ಥೆ. ಇನ್ನೊಂದು ತುದಿಯಲ್ಲಿ ಒಂದೇ ಭಾವಕ್ಕೆ ಮೂರು ಭಾಷೆಗಳಲ್ಲಿ ಮಾತುಳ್ಳ ಜನ. ಇಂಗ್ಲಿಷಿನಲ್ಲಿ ‘ನಾರ್ಸಿಸಿಸಂ’ ಎಂದು ಕರೆಯಲಾಗುವ ಗುಣವು ಗಂಡಸರಲ್ಲಿ ಹೆಚ್ಚೋ ಹೆಂಗಸರಲ್ಲಿ ಹೆಚ್ಚೋ, ಎಳೆಯರಲ್ಲಿ ಹೆಚ್ಚೋ ಹಿರಿಯರಲ್ಲಿ ಹೆಚ್ಚೋ ಎಂಬ ಪ್ರಶ್ನೆಯನ್ನು ಈ ಎರಡು ತುದಿಗಳ ನಡುವೆ ಇರಿಸಿ ನೋಡಿದಾಗ, ಅದು ಮನೋವಿಜ್ಞಾನದ ಪ್ರಶ್ನೆಯಾಗಿರುವಷ್ಟೇ ಶಾಸನಗಳ ಮತ್ತು ಶಬ್ದಾರ್ಥಗಳ ಚರಿತ್ರೆಯ ಪ್ರಶ್ನೆಯೂ ಆಗುತ್ತದೆ.

ಮೊದಲು ಪದದ ವಿಚಾರ. ಕನ್ನಡದ ಬರವಣಿಗೆಯಲ್ಲಿ ನಾರ್ಸಿಸಿಸಂ ಎಂಬುದಕ್ಕೆ ‘ಆತ್ಮರತಿ’, ‘ಸ್ವರತಿ’, ‘ಸ್ವಮೋಹ’ ಎಂಬ ಪದಗಳು ಬಳಕೆಗೆ ಬಂದಿವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದುದು ಆತ್ಮರತಿ. ಈ ಪದ ಹೊಸದಾಗಿ ಟಂಕಿಸಿದ್ದಲ್ಲ. ಛಾಂದೋಗ್ಯ ಮತ್ತು ಮುಂಡಕ ಉಪನಿಷತ್ತುಗಳಲ್ಲಿ, ಭಗವದ್ಗೀತೆಯ ಮೂರನೆಯ ಅಧ್ಯಾಯದಲ್ಲಿ ಅದು ಬರುತ್ತದೆ. ಅಲ್ಲಿ ಹೊರಗಿನ ಯಾವ ವಸ್ತುವನ್ನೂ ಬಯಸದೆ ಆತ್ಮದಲ್ಲಿಯೇ ಸಂತೋಷವನ್ನು ಕಂಡವನು ಆತ್ಮರತಿ. ಅವನಿಗೆ ಮಾಡಬೇಕಾದುದೆಂಬುದು ಏನೂ ಉಳಿದಿಲ್ಲ. ಅಂದರೆ ಶಾಸ್ತ್ರಪರಂಪರೆಯಲ್ಲಿ ಸಾಧಕನಿಗೆ ಸಲ್ಲುತ್ತಿದ್ದ ಅತ್ಯುನ್ನತ ವಿಶೇಷಣವೇ ಇಪ್ಪತ್ತನೆಯ ಶತಮಾನದ ಕನ್ನಡದಲ್ಲಿ ಒಂದು ದೋಷದ, ಕೆಲವೊಮ್ಮೆ ಒಂದು ರೋಗದ ಹೆಸರಾಯಿತು. ‘ಅಭಿಮಾನ’ ಎಂಬ ಪದ ಇದಕ್ಕೆ ತೀರ ವಿರುದ್ಧವಾದ ದಾರಿ ಹಿಡಿದಿದೆ. ಸಂಸ್ಕೃತದಲ್ಲಿ ಅದಕ್ಕೆ ಗರ್ವ, ಅಹಂಕಾರ ಎಂಬ ಅರ್ಥಗಳೇ ಮುಂದು. ಸಾಂಖ್ಯರು ಅಹಂಕಾರವನ್ನು ವಿವರಿಸುವುದೇ ಅಭಿಮಾನವೆಂಬ ಪದದಿಂದ. ಕನ್ನಡದಲ್ಲಾದರೋ ಅದು ಪ್ರೀತಿ, ಗೌರವ, ನಿಷ್ಠೆಗಳ ಅರ್ಥ ಪಡೆದು ‘ಕನ್ನಡಾಭಿಮಾನ’, ‘ಸ್ವಾಭಿಮಾನ’ಗಳಾಗಿ ಬೆಳೆಯಿತು, ನಟನನ್ನು ಮೆಚ್ಚುವವನು ಅವನ ‘ಅಭಿಮಾನಿ’ಯಾದನು. ಕೆಟ್ಟ ಅರ್ಥ ಬೇಕಾದಾಗ ‘ದುರ್’ ಎಂಬುದನ್ನು ಮುಂದೆ ಸೇರಿಸಿ ‘ದುರಭಿಮಾನ’ ಎನ್ನಬೇಕಾಯಿತು. ಒಂದು ಪದ ಸದ್ಗುಣದಿಂದ ದೋಷಕ್ಕೆ ಇಳಿಯಿತು. ಇನ್ನೊಂದು ದೋಷದಿಂದ ಸದ್ಗುಣಕ್ಕೆ ಏರಿತು. ಅನುವಾದಿತ ಪ್ರಶ್ನಾವಳಿಯೊಂದನ್ನು ಕನ್ನಡಿಗರ ಕೈಗೆ ಕೊಡುವ ಸಂಶೋಧಕರು ಈ ಏರಿಳಿತವನ್ನು ಮರೆತರೆ ಅಳತೆಗೋಲೇ ಡೊಂಕಾಗುತ್ತದೆ.

ಪಾಶ್ಚಾತ್ಯ ಪರಿಭಾಷೆಗೂ ಇಂಥದೇ ಒಂದು ತಿರುವು ಇದೆ. ಓವಿಡನ ಕಥೆಯಲ್ಲಿ ನೀರಿನೊಳಗಿನ ತನ್ನ ಪ್ರತಿಬಿಂಬಕ್ಕೆ ಮರುಳಾದ ನಾರ್ಸಿಸಸ್ ಹದಿನಾರರ ಹರೆಯದ ಹುಡುಗ. ಅವನನ್ನು ಬಯಸಿ ಸೊರಗಿ ಬರಿಯ ದನಿಯಾಗಿ ಉಳಿದ ಎಕೋ ಒಬ್ಬ ಹೆಣ್ಣು. ಆದರೆ 1898ರಲ್ಲಿ ಹ್ಯಾವ್‌ಲಾಕ್ ಎಲ್ಲಿಸ್ ಈ ಕಥೆಯನ್ನು ಮನಶ್ಶಾಸ್ತ್ರಕ್ಕೆ ತಂದಾಗ ಅಂಥ ಒಲವು ವಿಶೇಷವಾಗಿ ಹೆಂಗಸರಲ್ಲಿ ಕಾಣುತ್ತದೆಂದು ಬಗೆದನು. ಮರುವರ್ಷ ಪೌಲ್ ನ್ಯಾಕೆ ಜರ್ಮನ್ ಭಾಷೆಯಲ್ಲಿ ಅದಕ್ಕೆ ಪಾರಿಭಾಷಿಕ ರೂಪ ಕೊಟ್ಟನು. 1914ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಫ್ರಾಯ್ಡ್ ಎಲ್ಲ ಶಿಶುಗಳಲ್ಲಿಯೂ ಒಂದು ಮೂಲ ಆತ್ಮರತಿ ಇರುತ್ತದೆ ಎಂದನು. ಗಂಡಸು ಬೆಳೆಯುತ್ತ ಆ ಪ್ರೀತಿಯನ್ನು ಅನ್ಯರ ಮೇಲೆ ಹರಿಸುತ್ತಾನೆ, ರೂಪವತಿಯಾದ ಹೆಣ್ಣಿನಲ್ಲಿ ಮಾತ್ರ ಅದು ಉಳಿದು ಬಲಿಯುತ್ತದೆ ಎಂಬುದು ಅವನ ವಾದ. ಹೀಗೆ ಕಥೆಯ ಹುಡುಗನ ಜಾಗಕ್ಕೆ ಹೆಣ್ಣೂ ಮಗುವೂ ಬಂದು ಕುಳಿತರು. ಎಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಚಿತ್ರ ಮತ್ತೆ ಬದಲಾಯಿತು. ಹೈನ್ಸ್ ಕೋಹುಟ್, ಆಟೋ ಕರ್ನ್‌ಬರ್ಗ್ ಅವರ 1970ರ ದಶಕದ ಬರಹಗಳ ನಂತರ, 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ರೋಗಸೂಚಿಯ ಮೂರನೆಯ ಆವೃತ್ತಿಯಲ್ಲಿ ಇದನ್ನು ವ್ಯಕ್ತಿತ್ವದೋಷವೆಂದು ಸೇರಿಸಿತು. ಅದರ ಹಿಂದಿನ ವರ್ಷ ರಾಸ್ಕಿನ್ ಮತ್ತು ಹಾಲ್ ಇದನ್ನು ರೋಗವಲ್ಲದ, ಎಲ್ಲರಲ್ಲಿಯೂ ಹೆಚ್ಚುಕಡಿಮೆ ಇರುವ ಗುಣವಾಗಿ ಅಳೆಯುವ ಪ್ರಶ್ನಾವಳಿಯನ್ನು ರೂಪಿಸಿದ್ದರು. 1988ರಲ್ಲಿ ರಾಸ್ಕಿನ್ ಮತ್ತು ಟೆರಿ ಅದನ್ನು 40 ವಾಕ್ಯಜೋಡಿಗಳಿಗೆ ಇಳಿಸಿದರು. ಆ ಪ್ರಶ್ನಾವಳಿಯಿಂದ ಅಳೆದಾಗ ಹೆಚ್ಚಿನ ಅಂಕ ಬಂದುದು ಗಂಡಸರಿಗೆ.

ಒಂದೇ ಪರಿಭಾಷೆ ಹೀಗೆ ಲಿಂಗ ಬದಲಾಯಿಸಿದುದು ಯಾಕೆ ಎಂಬುದಕ್ಕೆ ಕನ್ನಡ ನಾಡಿನ ಕಲ್ಲುಗಳಲ್ಲಿ ಒಂದು ಸುಳಿವು ಇದೆ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಗಳಲ್ಲಿ ದರ್ಪಣಸುಂದರಿಯೆಂದು ಹೆಸರಾದ ಶಿಲ್ಪ ಎಲ್ಲರೂ ಬಲ್ಲದ್ದು: ಕೈಯಲ್ಲಿ ಕನ್ನಡಿ ಹಿಡಿದು ತನ್ನ ರೂಪವನ್ನು ನೋಡಿಕೊಳ್ಳುತ್ತಿರುವ ತರುಣಿ. ಎಲ್ಲಿಸ್ ಆಗಲಿ ಫ್ರಾಯ್ಡ್ ಆಗಲಿ ಅವಳನ್ನು ಕಂಡಿದ್ದರೆ ತಮ್ಮ ವಾದಕ್ಕೆ ಸಾಕ್ಷಿ ಸಿಕ್ಕಿತೆನ್ನುತ್ತಿದ್ದರೇನೋ. ಆದರೆ ಈ ಸಾಲಿನ ಹಲವು ಮದನಿಕೆಗಳ ಪೀಠಗಳ ಮೇಲೆ ಶಿಲ್ಪಿಗಳ ಹೆಸರುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ಬರಿಯ ಹೆಸರನ್ನು ಕೆತ್ತಿ ಸುಮ್ಮನಾಗಲಿಲ್ಲ; ಎದುರಾಳಿ ಶಿಲ್ಪಿಗಳ ಸೊಕ್ಕನ್ನು ಅಡಗಿಸುವವರೆಂಬ ಅರ್ಥದ ಬಿರುದುಗಳೂ ಆ ಹೆಸರುಗಳ ಜೊತೆಗೆ ಬರುತ್ತವೆ. ಕನ್ನಡಿ ಇರುವುದು ಹೆಣ್ಣಿನ ಕೈಯಲ್ಲಿ. ಸ್ವಪ್ರಶಂಸೆ ಇರುವುದು ಗಂಡಿನ ಹೆಸರಿನಲ್ಲಿ. ಆತ್ಮರತಿಯನ್ನು ರೂಪದ ಮೋಹವೆಂದು ತಿಳಿದರೆ ಕಣ್ಣಿಗೆ ಬೀಳುವುದು ಮೇಲಿನ ಮೂರ್ತಿ. ತಾನು ಇತರರಿಗಿಂತ ಮಿಗಿಲೆಂಬ ಘೋಷಣೆಯೆಂದು ತಿಳಿದರೆ ಪೀಠದ ಬರೆಹ. ಹತ್ತೊಂಬತ್ತನೆಯ ಶತಮಾನದ ವೈದ್ಯರು ನೋಡಿದುದು ಮೊದಲನೆಯದನ್ನು. 1979ರ ಪ್ರಶ್ನಾವಳಿ ಹೆಚ್ಚಾಗಿ ಕೇಳುವುದು ಎರಡನೆಯದನ್ನು.

ಬಿರುದಿನ ಚರಿತ್ರೆ ಹೊಸೂರು ಸೀಮೆಗೆ ಹತ್ತಿರದ್ದು. ಇಂದಿನ ಧರ್ಮಪುರಿ, ಅಂದರೆ ಹಿಂದಿನ ತಗಡೂರು, ನೊಳಂಬರ ಆಳ್ವಿಕೆಯಲ್ಲಿತ್ತು. ಅಲ್ಲಿನ ಬಸದಿಗೆ ನೊಳಂಬ ಮಹೇಂದ್ರನು ದತ್ತಿ ಬಿಟ್ಟುದನ್ನು ತಿಳಿಸುವ 893ರ ಕನ್ನಡ ಶಾಸನವಿದೆ. ಆ ವಂಶವನ್ನು ಸೋಲಿಸಿದ ಗಂಗ ಮಾರಸಿಂಹನು ‘ನೊಳಂಬಕುಲಾಂತಕ’ನೆಂಬ ಬಿರುದನ್ನು ಧರಿಸಿದನು. ಒಂದು ಕುಲವನ್ನೇ ಇಲ್ಲವಾಗಿಸಿದೆನೆಂಬುದು ಅವನ ಹೆಸರಿನ ಭಾಗವಾಯಿತು. ಇದೇ ಮಾರಸಿಂಹ 974ರಲ್ಲಿ ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಉಪವಾಸವಿದ್ದು ಸಲ್ಲೇಖನದಿಂದ ದೇಹ ತೊರೆದನು. ಸಲ್ಲೇಖನವೆಂದರೆ ಕಷಾಯಗಳನ್ನು, ಅದರಲ್ಲಿಯೂ ಮಾನಕಷಾಯವನ್ನು, ತೆಳುವಾಗಿಸಿಕೊಳ್ಳುತ್ತ ಹೋಗುವ ವ್ರತ. ಅದನ್ನು ಸ್ಮರಿಸಲು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ನಿಲ್ಲಿಸಿದ ಕೂಗೆ ಬ್ರಹ್ಮದೇವರ ಕಂಬವಾದರೋ ಅವನ ಗೆಲವುಗಳನ್ನೂ ಬಿರುದುಗಳನ್ನೂ ಒಂದೂ ಬಿಡದಂತೆ ಪಟ್ಟಿ ಮಾಡುತ್ತದೆ. ಅರಸನು ಬಿಟ್ಟುಹೋದುದನ್ನು ಶಾಸನ ಬಿಡಲಿಲ್ಲ. ಇದನ್ನು ಓದಿ ಮಾರಸಿಂಹನು ಆತ್ಮರತನೆಂದು ತೀರ್ಮಾನಿಸುವುದು ಸರಿಯಲ್ಲ. ಪ್ರಶಸ್ತಿಯೆಂಬ ಪ್ರಕಾರಕ್ಕೆ ಅದರದೇ ಆದ ಒತ್ತಡವಿದೆ; ಬಿರುದಿಲ್ಲದ ಅರಸನನ್ನು ಕಲ್ಲಿನ ಮೇಲೆ ತರುವ ದಾರಿಯನ್ನೇ ಅದು ಅರಿಯದು.

ಸಾಮಾನ್ಯ ವೀರರ ವಿಷಯದಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಹೊಸೂರು ರಸ್ತೆಯಿಂದ ಪಶ್ಚಿಮಕ್ಕೆ ಕೆಲವೇ ಕಿ.ಮೀ. ದೂರದ ಬೇಗೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ವೀರಗಲ್ಲು ಆನೆ, ಕುದುರೆ, ಕಾಲಾಳುಗಳ ಯುದ್ಧವನ್ನು ಬಹು ಸೊಗಸಾಗಿ ತೋರಿಸುತ್ತದೆ. ಗಂಗರ ಎರೆಯಪ್ಪನ ಆಣತಿಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ವೀರಮಹೇಂದ್ರನೊಡನೆ ತುಂಬೆಪಾಡಿಯಲ್ಲಿ ಕಾದಿ ಸತ್ತನು. ಶಾಸನ ಅಲ್ಲಿಗೆ ನಿಲ್ಲದೆ ಮುಂದಿನ ವ್ಯವಸ್ಥೆಯನ್ನೂ ಹೇಳುತ್ತದೆ: ಸುದ್ದಿ ಕೇಳಿ ಮೆಚ್ಚಿದ ಎರೆಯಪ್ಪನು ಇರುಗನೆಂಬವನಿಗೆ ‘ನಾಗತ್ತರ’ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಸತ್ತವನ ಹೆಸರೇ ಒಂದು ಪದವಿಯಾಗಿ ಇನ್ನೊಬ್ಬನಿಗೆ ಸಂದಿತು. ಜೊತೆಗೆ ಹಳ್ಳಿಗಳೂ ಬಂದವು. ಇಲ್ಲಿ ‘ನಾನು’ ಎನ್ನುವವನು ಯಾರೂ ಇಲ್ಲ. ಹೊಗಳಿಸಿಕೊಂಡವನು ಸತ್ತಿದ್ದಾನೆ, ಹೊಗಳಿದವನು ಒಡೆಯ, ಲಾಭ ಪಡೆದವನು ಉತ್ತರಾಧಿಕಾರಿ. ಆಧುನಿಕ ಪ್ರಶ್ನಾವಳಿಯಾದರೋ ಒಬ್ಬ ವ್ಯಕ್ತಿ ತನ್ನ ಬಗ್ಗೆ ತಾನೇ, ಇತರರು ಕೇಳಿಸಿಕೊಳ್ಳದಂತೆ, ಕಾಗದದ ಮೇಲೆ ಗುರುತು ಹಾಕುವುದನ್ನು ಬಯಸುತ್ತದೆ. ಎರಡರಲ್ಲಿಯೂ ಹಿರಿಮೆಯ ಮಾತಿದೆಯೆಂಬ ಕಾರಣಕ್ಕೆ ಎರಡೂ ಒಂದೇ ಗುಣದ ದಾಖಲೆಗಳಾಗುವುದಿಲ್ಲ.

ಹೆಣ್ಣಿಗೆ ಕಲ್ಲಿನ ಮೇಲೆ ದೊರೆತ ಜಾಗ ಬೇರೆ ಬಗೆಯದು. ದಾನಚಿಂತಾಮಣಿಯೆಂದು ಹೆಸರಾದ ಅತ್ತಿಮಬ್ಬೆಯ ಕೀರ್ತಿ 1007ರ ಲಕ್ಕುಂಡಿಯ ಶಾಸನದಲ್ಲಿಯೂ, ರನ್ನನ ಅಜಿತಪುರಾಣದಲ್ಲಿಯೂ ವಿಸ್ತಾರವಾಗಿ ಬಂದಿದೆ; ಆದರೆ ಅಲ್ಲಿ ಅವಳು ಹೊಗಳಿಕೆಯ ವಿಷಯ, ಮಾತು ಇತರರದು. 1057ರ ಬೆಳತೂರಿನ ಶಾಸನದಲ್ಲಿ ದೇಕಬ್ಬೆಯ ಕಥೆ ಬರುತ್ತದೆ. ಮಲ್ಲಯುದ್ಧದಲ್ಲಿ ಎದುರಾಳಿಯನ್ನು ಕೊಂದುದಕ್ಕಾಗಿ ಅವಳ ಗಂಡ ಏಚನು ಚೋಳ ಅರಸನಿಂದ ಮರಣದಂಡನೆಗೆ ಗುರಿಯಾದನು. ತಂದೆತಾಯಿಗಳು ತಡೆದರೂ ಕೇಳದೆ ಅವಳು ಬೆಂಕಿ ಹಾಯ್ದಳು. ಅವಳ ಹಟವನ್ನು ಪದ್ಯಕ್ಕೆ ತಂದವನು ಮಲ್ಲನೆಂಬ ಕವಿ. ಹರೆಯದ ಹೆಣ್ಣೊಬ್ಬಳ ಸ್ವಂತ ನಿಲುವಿಗೆ ಶಾಸನ ಇಷ್ಟು ಎಡೆಗೊಟ್ಟುದು ಅವಳು ಇಲ್ಲವಾಗುವ ಸಂದರ್ಭದಲ್ಲಿ. ಇಂಥ ಸಾವುಗಳನ್ನು ಕೊಂಡಾಡುವ ಮಾಸ್ತಿಕಲ್ಲುಗಳು ಈ ಗಡಿಸೀಮೆಯ ಉದ್ದಕ್ಕೂ ಇವೆ. ಬಹುಪಾಲು ಕಲ್ಲುಗಳಲ್ಲಿ ಬಳೆ ತೊಟ್ಟು ಮೇಲೆತ್ತಿದ ತೋಳೊಂದೇ ಹೆಂಗಸಿನ ಗುರುತು, ಹೆಸರೂ ಇರುವುದಿಲ್ಲ.

ಇದಕ್ಕೆ ಹೊರತಾದ ದೊಡ್ಡ ಉದಾಹರಣೆ ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ ಶಾಂತಲದೇವಿ. ಅವಳು ಶ್ರವಣಬೆಳಗೊಳದಲ್ಲಿ 1123ರ ಸುಮಾರಿಗೆ ಕಟ್ಟಿಸಿದ ಬಸದಿಗೆ ಅವಳ ಬಿರುದೇ ಹೆಸರು: ಸವತಿಗಂಧವಾರಣ ಬಸದಿ. ಸೊಕ್ಕಿದ ಸವತಿಯರಿಗೆ ಮದ್ದಾನೆಯಂತಿರುವವಳು ಎಂಬುದು ಅದರ ಅರ್ಥ. ರೂಪಕ ಗಂಡಸರ ಬಿರುದುಗಳಿಂದಲೇ ಬಂದುದು. ಹಗೆಗಳ ಗುಂಪಿಗೆ ನುಗ್ಗುವ ಮದ್ದಾನೆ ಅರಸರ, ಸಾಮಂತರ ಹೆಸರುಗಳಲ್ಲಿ ಸಾಮಾನ್ಯ. ಬದಲಾದುದು ರಣರಂಗ. ಶಾಸನಗಳು ಅವಳ ಸಂಗೀತ, ನೃತ್ಯ ವಿದ್ಯೆಗಳನ್ನು ಎಷ್ಟೇ ಹೊಗಳಿದರೂ ಗೆಲ್ಲಬೇಕಾದ ಹಗೆಯೆಂದು ಅವಳಿಗೆ ತೋರಿಸಿಕೊಟ್ಟುದು ಅರಮನೆಯ ಇತರ ಹೆಂಗಸರನ್ನು. ತಾನು ಮಿಗಿಲೆಂಬ ಹಮ್ಮು ಶಾಂತಲೆಯಲ್ಲಿ ಮಾರಸಿಂಹನಿಗಿಂತ ಕಡಿಮೆ ಇತ್ತೆಂದು ಹೇಳಲು ಈ ಬಿರುದು ಬಿಡುವುದಿಲ್ಲ. ಕಡಿಮೆ ಇದ್ದುದು ಅದು ಹರಡಿಕೊಳ್ಳಲು ದೊರೆತ ಬಯಲು.

ಕವಿಗಳ ಸ್ವಪ್ರಶಂಸೆಯನ್ನೂ ಇಲ್ಲಿಯೇ ನೆನೆಯಬೇಕು. ಪೊನ್ನನು ಕನ್ನಡ, ಸಂಸ್ಕೃತ ಎರಡರಲ್ಲಿಯೂ ಸಮರ್ಥನೆಂದು ‘ಉಭಯಕವಿಚಕ್ರವರ್ತಿ’ಯಾದನು, ಎರಡು ಭಾಷೆ ಬಲ್ಲವರಿಗೆ ಕನ್ನಡ ಸಾಹಿತ್ಯ ಕೊಟ್ಟ ಅತಿ ದೊಡ್ಡ ಬಿರುದು ಇದಾಗಿರಬೇಕು. ತನ್ನ ಕೃತಿಯನ್ನು ಬೆಲೆಕಟ್ಟುವ ಎದೆಗಾರಿಕೆ ಯಾರಿಗಿದೆ ಎಂದು ರನ್ನನು ಸವಾಲು ಹಾಕಿದನು. ರನ್ನ ಬಳೆಗಾರರ ಮನೆಯ ಮಗ. ಹುಟ್ಟಿನಿಂದ ಬರದ ಮನ್ನಣೆಯನ್ನು ವಿದ್ಯೆಯಿಂದ ಪಡೆದವನ ಗರ್ವವನ್ನೂ, ಹುಟ್ಟಿನಿಂದಲೇ ಎಲ್ಲ ಬಂದವನ ಗರ್ವವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಇದಕ್ಕೆ ಎದುರಾಗಿ ಹದಿನೇಳನೆಯ ಶತಮಾನದ ಕೊನೆಯ ಮೈಸೂರು ಆಸ್ಥಾನವನ್ನು ಇಡಬಹುದು. ಚಿಕ್ಕದೇವರಾಜ ಒಡೆಯರ (ಆಳ್ವಿಕೆ 1673–1704) ಮಂತ್ರಿ ತಿರುಮಲಾರ್ಯನು ಬರೆದ ‘ಅಪ್ರತಿಮವೀರಚರಿತೆ’ ಒಂದು ಅಲಂಕಾರಶಾಸ್ತ್ರದ ಗ್ರಂಥ; ಅದರಲ್ಲಿ ಅಲಂಕಾರಗಳ ಲಕ್ಷಣಕ್ಕೆ ಕೊಡುವ ಉದಾಹರಣೆಗಳೆಲ್ಲ ದೊರೆಯ ಹೊಗಳಿಕೆಯೇ. ಉಪಮೆಯನ್ನು ಕಲಿಯುವ ವಿದ್ಯಾರ್ಥಿ ಅದರೊಡನೆ ದೊರೆಯ ಹಿರಿಮೆಯನ್ನೂ ಕಲಿಯಬೇಕಿತ್ತು. ಅದೇ ಅರಮನೆಯಲ್ಲಿ ರಾಣಿಯ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ವನ್ನು ಬರೆದಳು. ಅಲ್ಲಿ ಅವಳು ತನ್ನನ್ನು ಅರಿಯದವಳೆಂದೇ ತೋರಿಸಿಕೊಳ್ಳುತ್ತಾಳೆ. ಹೆಣ್ಣೆಂದು ಹೀಗಳೆಯುವವರನ್ನು ಪ್ರಶ್ನಿಸುವಾಗಲೂ ಅವಳು ಮುಂದಿಡುವುದು ತಾಯಿಯನ್ನು, ತನ್ನನ್ನಲ್ಲ.

ಸ್ವಪ್ರಶಂಸೆಯನ್ನು ವಿಂಗಡಿಸಿ ನೋಡುವ ಕೆಲಸವನ್ನು ಧರ್ಮಗ್ರಂಥಗಳು ಬಹಳ ಹಿಂದೆಯೇ ಮಾಡಿದ್ದವು. ಸಮಂತಭದ್ರನ ರತ್ನಕರಂಡಕ ಶ್ರಾವಕಾಚಾರದಲ್ಲಿ ಎಂಟು ಮದಗಳಿವೆ: ಜ್ಞಾನ, ಪೂಜೆ, ಕುಲ, ಜಾತಿ, ಬಲ, ಋದ್ಧಿ, ತಪಸ್ಸು, ದೇಹ. ವೀರಶೈವ ಪರಂಪರೆಯ ಅಷ್ಟಮದಗಳು ಕುಲ, ಛಲ, ಧನ, ರೂಪ, ಯೌವನ, ವಿದ್ಯೆ, ರಾಜ್ಯ, ತಪಸ್ಸು. ಎರಡೂ ಪಟ್ಟಿಗಳಲ್ಲಿ ತಪಸ್ಸಿಗೆ ಜಾಗವಿರುವುದು ಗಮನಾರ್ಹ. ಅಹಂಕಾರವನ್ನು ಬಿಟ್ಟೆನೆಂಬ ಅಹಂಕಾರವನ್ನು ಅವು ಮರೆತಿಲ್ಲ. ಎರಡನೆಯ ಪಟ್ಟಿಯಲ್ಲಿ ಯೌವನವು ಬೇರೆಯಾಗಿಯೇ ಕಾಣಿಸಿಕೊಳ್ಳುತ್ತದೆ, ಅಂದರೆ ವಯಸ್ಸೂ ಮದಕ್ಕೆ ಒಂದು ಕಾರಣವೆಂಬ ತಿಳಿವಳಿಕೆ ಅಲ್ಲಿದೆ. ಲಿಂಗ ಯಾವ ಪಟ್ಟಿಯಲ್ಲಿಯೂ ಇಲ್ಲ. ವಚನಕಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಿರುದಾವಳಿಯ ನಾಡಿನಲ್ಲಿ ಅವರು ತಮ್ಮ ಮಾತಿನ ಕೊನೆಗೆ ಇಟ್ಟುದು ತಮ್ಮ ಹೆಸರನ್ನಲ್ಲ, ದೈವದ ಅಂಕಿತವನ್ನು. ಬಸವಣ್ಣನೂ ಅಕ್ಕನೂ ಕಾಯಕದ ಶರಣೆಯರೂ ಇದರಲ್ಲಿ ಒಂದೇ. ಆದರೂ ಅಂಕಿತವೇ ಕ್ರಮೇಣ ಕರ್ತೃವಿನ ಗುರುತಾಯಿತೆಂಬುದು ಸಂಪಾದಕರಿಗೆ ಸಿಕ್ಕ ವರ.

ಗ್ರಂಥಗಳ ಪಟ್ಟಿಯಲ್ಲಿ ಕಾಣದ ಲಿಂಗವೂ ವಯಸ್ಸೂ ಆಡುಮಾತಿನಲ್ಲಿ ಎದ್ದು ಕಾಣುತ್ತವೆ. ಬಿಂಕ, ಬಿನ್ನಾಣ, ಒಯ್ಯಾರ ಎಂಬ ಪದಗಳು ಹೆಂಗಸರ ಬಗ್ಗೆ ಬಳಕೆಯಾಗುವಷ್ಟು ಗಂಡಸರ ಬಗ್ಗೆ ಆಗುವುದಿಲ್ಲ. ಗತ್ತು, ಠೀವಿ ಗಂಡಸಿಗೆ ಒಪ್ಪುವವು. ಅವುಗಳಲ್ಲಿ ಮೆಚ್ಚುಗೆಯೂ ಬೆರೆತಿದೆ. ಪೊಗರು ಹರೆಯದವರದು. ದರ್ಪ ಅಧಿಕಾರವುಳ್ಳವರದು, ದೊಡ್ಡಸ್ತಿಕೆ ನಡುವಯಸ್ಸು ಕಳೆದವರದು. ಜಂಬಕ್ಕೆ ಮಾತ್ರ ವಯಸ್ಸಿಲ್ಲ. ಮಗುವಿನಿಂದ ಮುದುಕರವರೆಗೆ ಯಾರೂ ಕೊಚ್ಚಿಕೊಳ್ಳಬಹುದು. ‘ಕೊಬ್ಬು’ ಎಂಬ ಪದದ ನಡೆ ಇವೆಲ್ಲಕ್ಕಿಂತ ಭಿನ್ನ. ಹಿರಿಯರು ಕಿರಿಯರಿಗೆ, ಅತ್ತೆ ಸೊಸೆಗೆ, ಧಣಿ ಆಳಿಗೆ ಕೊಬ್ಬು ಎನ್ನುತ್ತಾರೆ. ಆಳು ಧಣಿಗೆ ಎದುರಿನಲ್ಲಿ ಹಾಗೆನ್ನಲಾರ. ಕೇಳುವವನ ಗುಣಕ್ಕಿಂತ ಹೇಳುವವನ ಸ್ಥಾನವನ್ನೇ ಅದು ಹೆಚ್ಚು ತಿಳಿಸುತ್ತದೆ. ಹೊಸೂರು ಸೀಮೆಯಲ್ಲಿ ಈ ಪದಕ್ಕೆ ಮೂರು ಬಾಯಿಗಳಿವೆ: ಕನ್ನಡದ ಕೊಬ್ಬು, ತಮಿಳಿನ ಕೊಳುಪ್ಪು, ತೆಲುಗಿನ ಕೊವ್ವು. ಮೂರೂ ಒಂದೇ ಮೂಲದವು; ಮೂರರಲ್ಲಿಯೂ ಮೈಯ ನೆಣವೇ ಅಹಂಕಾರದ ಹೆಸರು. ಪೊಗರು ಕನ್ನಡ, ತೆಲುಗುಗಳೆರಡರಲ್ಲಿಯೂ ಇದೆ. ತಿಮಿರು ತಮಿಳಿನಿಂದ ತೆಂಕಣ ಕನ್ನಡದವರೆಗೆ ಹಬ್ಬಿದೆ. ಪಾರಸಿ ದಾರಿಯಿಂದ ಬಂದ ಧಿಮಾಕು ಕನ್ನಡಕ್ಕೂ ತೆಲುಗಿಗೂ ಸೇರಿದೆ. ತಲೆ ಭಾರವಾಗುವುದನ್ನು ತಮಿಳು ತಲೈಕ್ಕನಂ ಎನ್ನುತ್ತದೆ. ಕನ್ನಡದಲ್ಲಿ ಪಿತ್ತ ನೆತ್ತಿಗೇರುತ್ತದೆ. ಗಡಿಯ ಜನ ಇವುಗಳನ್ನು ಬೆರಸಿಯೇ ಆಡುತ್ತಾರೆ. ಇಷ್ಟು ಪದಗಳಿರುವಲ್ಲಿ ‘ಆತ್ಮರತಿ’ಯೆಂಬ ಒಂದೇ ಮುಚ್ಚಳ ಎಲ್ಲ ಪಾತ್ರೆಗಳಿಗೂ ಹೊಂದೀತೆ ಎಂಬುದು ವಿಚಾರಾರ್ಹ.

ಕನ್ನಡ ನಾಡಿನಲ್ಲಿ ಆಧುನಿಕ ಮನೋವಿಜ್ಞಾನ ಬೇರೂರಿದುದು ಮೈಸೂರು ವಿಶ್ವವಿದ್ಯಾನಿಲಯದಲ್ಲಿ. 1924ರಲ್ಲಿ ಅಲ್ಲಿ ಆರಂಭವಾದ ವಿಭಾಗದ ಮೊದಲ ಮುಖ್ಯಸ್ಥರಾದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. ಮುಂದೆ ಆತ್ಮರತಿಯ ಪ್ರಶ್ನಾವಳಿಯನ್ನು ಅಂಶಗಳಾಗಿ ಒಡೆದು ನೋಡಲು ನೆರವಾದ ಗಣಿತವಿಧಾನದ ಮೂಲಪುರುಷರು ಅದೇ ಸ್ಪಿಯರ್‌ಮನ್. ಸಾಮಾನ್ಯ ಓದುಗರಿಗೆ ಮನೋವಿಶ್ಲೇಷಣೆಯನ್ನು ಕನ್ನಡದಲ್ಲಿ ತಿಳಿಸಿದವರಲ್ಲಿ ‘ಕೊರವಂಜಿ’ಯ ಸಂಪಾದಕ, ವೈದ್ಯ ಎಂ. ಶಿವರಾಂ (ರಾಶಿ) ಪ್ರಮುಖರು. ಅವರ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಒಣಜಂಬವನ್ನು ನಗೆಯಿಂದ ಬಯಲು ಮಾಡುತ್ತಿದ್ದ ಪತ್ರಿಕೆಯ ಸಂಪಾದಕನೇ ಅದರ ಮನೋಮೂಲವನ್ನೂ ವಿವರಿಸಲು ಹೊರಟುದು ಆಕಸ್ಮಿಕವಾಗಿರಲಾರದು. 1978ರಲ್ಲಿ ಸುಧೀರ್ ಕಕ್ಕರ್ ‘ದಿ ಇನ್ನರ್ ವರ್ಲ್ಡ್’ ಗ್ರಂಥದಲ್ಲಿ ಭಾರತೀಯ ಬಾಲಕನ ದೀರ್ಘ ಶೈಶವವನ್ನೂ ತಾಯಿಯೊಡನೆ ಅವನಿಗಿರುವ ನಂಟನ್ನೂ ಆತ್ಮರತಿಯ ಪ್ರಶ್ನೆಗೆ ಜೋಡಿಸಿದರು. ಅಲ್ಲಿಯೂ ಕೇಂದ್ರದಲ್ಲಿರುವುದು ಗಂಡುಮಗು.

ಇನ್ನು ಅಳತೆಗಳು ಹೇಳುವುದೇನು? ಎಮಿಲಿ ಗ್ರಿಹಾಲ್ವಾ ಮತ್ತು ಸಂಗಡಿಗರು 2015ರಲ್ಲಿ 355 ಅಧ್ಯಯನಗಳ, 4,70,846 ಜನರ ದತ್ತಾಂಶವನ್ನು ಒಟ್ಟುಗೂಡಿಸಿದಾಗ ಗಂಡಸರ ಅಂಕ ಹೆಂಗಸರದಕ್ಕಿಂತ ಸರಾಸರಿ 0.26 ಪ್ರಮಾಣ ವಿಚಲನೆಯಷ್ಟು ಹೆಚ್ಚಿತ್ತು. ಇದು ದೊಡ್ಡ ಅಂತರವಲ್ಲ. ಎರಡು ಗುಂಪುಗಳ ಅಂಕಗಳು ಸುಮಾರು ಶೇ. 90ರಷ್ಟು ಒಂದರ ಮೇಲೊಂದು ಬೀಳುತ್ತವೆ. ಅಂಶಗಳನ್ನು ಬಿಡಿಸಿದಾಗ ಸಿಕ್ಕ ಫಲಿತಾಂಶ ಹೆಚ್ಚು ಅರ್ಥಪೂರ್ಣ. ಇತರರಿಂದ ಪಡೆಯುವುದು ತನ್ನ ಹಕ್ಕೆಂಬ, ಅವರನ್ನು ಬಳಸಿಕೊಳ್ಳುವ ಧೋರಣೆಯಲ್ಲಿ ಅಂತರ 0.29, ನಾಯಕತ್ವ, ಅಧಿಕಾರದ ಬಯಕೆಯಲ್ಲಿ 0.20, ತನ್ನನ್ನು ಮೆರೆಸಿಕೊಳ್ಳುವ ಪ್ರದರ್ಶನಪ್ರಿಯತೆಯಲ್ಲಿ ಬರಿಯ 0.04. ಕನ್ನಡಿಯ ಮುಂದೆ, ಅಂದರೆ, ಇಬ್ಬರೂ ಸರಿಸಮ. ಬೆಂಪೂರು ಹನ್ನೆರಡು ತನಗೆ ಬರಬೇಕೆಂಬಲ್ಲಿ ಗಂಡಸು ಸ್ವಲ್ಪ ಮುಂದೆ. ದರ್ಪಣಸುಂದರಿಯನ್ನೂ ಪೀಠದ ಬಿರುದನ್ನೂ ಬೇರೆ ಬೇರೆಯಾಗಿ ಓದಬೇಕೆಂಬುದಕ್ಕೆ ಈ ಅಂಕಿಗಳು ಒತ್ತಾಸೆಯಾಗುತ್ತವೆ. ಇತರರ ಮಾತಿಗೆ ಬೇಗ ನೊಂದು ಒಳಗೇ ಕುಗ್ಗುವ ಬಗೆಯ ಆತ್ಮರತಿಯಲ್ಲಿ ಅಂತರವೇ ಕಾಣಲಿಲ್ಲ.

ವಯಸ್ಸಿನ ವಿಷಯದಲ್ಲಿ ಗೊಂದಲ ಹೆಚ್ಚು. 2003ರಲ್ಲಿ ಫೋಸ್ಟರ್, ಕ್ಯಾಂಪ್‌ಬೆಲ್, ಟ್ವೆಂಗಿ ಅವರು 3,445 ಜನರನ್ನು ಅಂತರಜಾಲದ ಮೂಲಕ ಪರೀಕ್ಷಿಸಿ, ವಯಸ್ಸು ಏರಿದಂತೆ ಅಂಕ ಇಳಿಯುತ್ತದೆಂದರು. ಆದರೆ ಇಂದಿನ ಮುದುಕರ ಅಂಕ ಕಡಿಮೆಯಿರುವುದು ಅವರು ಮಾಗಿದ್ದರಿಂದಲೋ, ಅಥವಾ ಬೇರೆ ಕಾಲದಲ್ಲಿ ಬೆಳೆದವರಾದ್ದರಿಂದಲೋ ಎಂಬುದು ಅಂಥ ಅಧ್ಯಯನದಿಂದ ತಿಳಿಯದು. 2008ರಲ್ಲಿ ಟ್ವೆಂಗಿ ಮತ್ತು ಸಂಗಡಿಗರು ಅಮೆರಿಕದ 16,475 ವಿದ್ಯಾರ್ಥಿಗಳ ಅಂಕಗಳನ್ನು ಕಾಲಕ್ರಮದಲ್ಲಿಟ್ಟು ತಲೆಮಾರಿನಿಂದ ತಲೆಮಾರಿಗೆ ಆತ್ಮರತಿ ಏರುತ್ತಿದೆಯೆಂದು ವಾದಿಸಿದರು. ಅದೇ ವರ್ಷ ಟ್ರ್ಜೆಸ್ನ್ಯೂಸ್ಕಿ, ಡಾನೆಲನ್, ರಾಬಿನ್ಸ್ ಅದನ್ನು ಅಲ್ಲಗಳೆದರು. ಅದೇ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿದ 51 ಅಧ್ಯಯನಗಳ, 37,247 ಜನರ ವಿವರಗಳನ್ನು ಉಲ್ರಿಚ್ ಓರ್ಥ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಮೇಲೆ ವಿಷಯ ಒಂದಿಷ್ಟು ತಿಳಿಯಾಯಿತು. 8ರಿಂದ 77 ವರ್ಷದವರೆಗಿನ ಹಾದಿಯಲ್ಲಿ ಆತ್ಮರತಿ ಮೆಲ್ಲಗೆ ತಗ್ಗುತ್ತದೆ. ಆದರೆ ಚಿಕ್ಕಂದಿನಲ್ಲಿ ಓರಗೆಯವರಿಗಿಂತ ಹೆಚ್ಚಿನ ಹಮ್ಮು ಉಳ್ಳವನು ಮುಪ್ಪಿನಲ್ಲಿಯೂ ಓರಗೆಯವರಿಗಿಂತ ಒಂದು ಕೈ ಮುಂದೆಯೇ ಇರುತ್ತಾನೆ. ಯೌವನಮದವನ್ನು ಪಟ್ಟಿಗೆ ಸೇರಿಸಿದವರಿಗೆ ಮೊದಲ ಮಾತು ಹೊಸದಲ್ಲ. ಎರಡನೆಯದು ವಾನಪ್ರಸ್ಥದ ಆದರ್ಶಕ್ಕೆ ಅಷ್ಟೇನೂ ಅನುಕೂಲವಲ್ಲ.

ರೋಗಸೂಚಿಯ ಮಟ್ಟದಲ್ಲಿಯೂ ಪದ ನೆಲೆ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಗೆ ಬಂದ ಹನ್ನೊಂದನೆಯ ವರ್ಗೀಕರಣದಲ್ಲಿ ಆತ್ಮರತಿಯ ವ್ಯಕ್ತಿತ್ವದೋಷವೆಂಬ ಬೇರೆ ಹೆಸರೇ ಇಲ್ಲ. ತೊಂದರೆಯ ತೀವ್ರತೆಯನ್ನೂ ಗುಣಗಳ ಒಲವನ್ನೂ ಗುರುತಿಸಿದರೆ ಸಾಕು. ಅಮೆರಿಕದ ಸೂಚಿ ಅದನ್ನು ಉಳಿಸಿಕೊಂಡಿದೆ.

ಗಡಿನಾಡಿನಲ್ಲಿ ಈ ಚರ್ಚೆಗೆ ಇನ್ನೊಂದು ಮುಖವಿದೆ. 2009ರಲ್ಲಿ ಅಗ್ನಿಯೆಷ್ಕಾ ಗೊಲೆಕ್ ದೆ ಜವಾಲಾ ಮತ್ತು ಸಂಗಡಿಗರು ‘ಸಾಮೂಹಿಕ ಆತ್ಮರತಿ’ಗೆ ಒಂದು ಅಳತೆಗೋಲನ್ನು ಕೊಟ್ಟರು: ತನ್ನ ಗುಂಪು ಅಸಾಮಾನ್ಯವಾದುದು, ಆದರೆ ಹೊರಗಿನವರು ಅದನ್ನು ತಕ್ಕಷ್ಟು ಮನ್ನಿಸುತ್ತಿಲ್ಲ ಎಂಬ ನಂಬಿಕೆ. ಪೂರ್ವಾರ್ಧವನ್ನು ಹೇಗಾದರೂ ಅಳೆಯಬಹುದು. ಉತ್ತರಾರ್ಧವು ಅಲ್ಪಸಂಖ್ಯಾತ ಭಾಷಿಕರ ಮಟ್ಟಿಗೆ ಬರಿಯ ನಂಬಿಕೆಯಾಗಿರದೆ ವಸ್ತುಸ್ಥಿತಿಯೂ ಆಗಿರಬಹುದು. ತಮಿಳುನಾಡಿನ 2006ರ ತಮಿಳು ಕಲಿಕೆ ಕಾಯ್ದೆಯ ಅನಂತರ ಕೃಷ್ಣಗಿರಿ ಜಿಲ್ಲೆಯ ಕನ್ನಡ, ತೆಲುಗು, ಉರ್ದು ಶಾಲೆಗಳ ಮಕ್ಕಳು ಮಾತೃಭಾಷೆಯ ಪರೀಕ್ಷೆಗಾಗಿ ನ್ಯಾಯಾಲಯದ ಕಡೆ ನೋಡಬೇಕಾಯಿತು. ತಮ್ಮ ಭಾಷೆಗೆ ಸಲ್ಲಬೇಕಾದ ಮನ್ನಣೆ ಸಿಗುತ್ತಿಲ್ಲವೆಂದು ಅಂಥ ಶಾಲೆಯ ಪೋಷಕರು ಪ್ರಶ್ನಾವಳಿಯಲ್ಲಿ ಗುರುತು ಹಾಕಿದರೆ ಅದು ಆತ್ಮರತಿಯ ಅಂಕವೋ, ವರದಿಯೋ? ಬಹುಸಂಖ್ಯಾತರ ಬಾಯಿಂದ ಬಂದ ಅದೇ ವಾಕ್ಯಕ್ಕೆ ಬೇರೆ ಬೆಲೆ. ಕೊಬ್ಬು ಎಂಬ ಪದದ ನಡತೆಯನ್ನು ಇಲ್ಲಿ ಮತ್ತೆ ನೆನೆಯಬಹುದು.

ಭಾಷೆಯೇ ಉತ್ತರವನ್ನು ಬದಲಾಯಿಸುತ್ತದೆಂಬುದಕ್ಕೂ ಆಧಾರವಿದೆ. 2006ರಲ್ಲಿ ನೈರಾನ್ ರಮಿರೆಸ್-ಎಸ್ಪಾರ್ಸಾ ಮತ್ತು ಸಂಗಡಿಗರು ಸ್ಪ್ಯಾನಿಷ್, ಇಂಗ್ಲಿಷ್ ಎರಡನ್ನೂ ಬಲ್ಲವರಿಗೆ ಒಂದೇ ವ್ಯಕ್ತಿತ್ವ ಪರೀಕ್ಷೆಯನ್ನು ಎರಡು ಭಾಷೆಗಳಲ್ಲಿ ಕೊಟ್ಟಾಗ, ಇಂಗ್ಲಿಷಿನಲ್ಲಿ ಅವರು ಹೆಚ್ಚು ಬಹಿರ್ಮುಖಿಗಳಾಗಿ ಕಂಡರು. ಮೂರು ಭಾಷೆಗಳ ಜೂಜುವಾಡಿಯಲ್ಲಿ ಈ ತೊಡಕು ವ್ಯಾಕರಣದ ಮಟ್ಟಕ್ಕೇ ಇಳಿಯುತ್ತದೆ. ಪ್ರಶ್ನಾವಳಿಯ ಬಹುಪಾಲು ವಾಕ್ಯಗಳು ಇಂಗ್ಲಿಷಿನಲ್ಲಿ ‘ನಾನು’ ಎಂಬುದನ್ನು ಬಾಯಿಬಿಟ್ಟು ಹೇಳುತ್ತವೆ. ಕನ್ನಡದಲ್ಲಾಗಲಿ ತಮಿಳು, ತೆಲುಗುಗಳಲ್ಲಾಗಲಿ ಕ್ರಿಯಾಪದದ ಕೊನೆಯ ಪ್ರತ್ಯಯವೇ ಕರ್ತೃವನ್ನು ತಿಳಿಸುವುದರಿಂದ ಸರ್ವನಾಮವನ್ನು ಬಿಡುವುದೇ ವಾಡಿಕೆ. ಬಿಡದೆ ಪ್ರತಿ ವಾಕ್ಯದಲ್ಲಿಯೂ ‘ನಾನು, ನಾನು’ ಎಂದರೆ ಓದುವ ಮೊದಲೇ ಅದು ಜಂಬದ ಮಾತಾಗಿ ಕೇಳಿಸುತ್ತದೆ. ಬಹುವಚನದಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಮಿಳಿನಲ್ಲಿ ಕೇಳುಗನನ್ನೂ ಸೇರಿಸಿಕೊಂಡ ‘ನಾಮ್’ ಬೇರೆ, ಅವನನ್ನು ಹೊರಗಿಟ್ಟ ‘ನಾಂಗಳ್’ ಬೇರೆ. ತೆಲುಗಿನಲ್ಲಿ ‘ಮನಂ’ ಬೇರೆ, ‘ಮೇಮು’ ಬೇರೆ. ಇಂದಿನ ಕನ್ನಡಕ್ಕೆ ಇರುವುದು ಒಂದೇ ‘ನಾವು’. ‘ನಮ್ಮವರು ಬೇರೆಯವರಿಗಿಂತ ಮೇಲು’ ಎಂಬ ವಾಕ್ಯವನ್ನು ತೆಲುಗಿನಲ್ಲಿಯೋ ತಮಿಳಿನಲ್ಲಿಯೋ ಓದುವ ಹೊಸೂರಿನ ವಿದ್ಯಾರ್ಥಿನಿಗೆ, ಕಾಗದ ಕೊಟ್ಟ ಸಂಶೋಧಕನು ಆ ‘ನಮ್ಮವ’ರಲ್ಲಿ ಸೇರಿದ್ದಾನೋ ಇಲ್ಲವೋ ಎಂಬುದು ಪದದಿಂದಲೇ ಗೊತ್ತಾಗುತ್ತದೆ, ಅದೇ ವಾಕ್ಯವನ್ನು ಕನ್ನಡದಲ್ಲಿ ಓದುವಾಗ ಅದನ್ನು ಅವಳೇ ತೀರ್ಮಾನಿಸಬೇಕು.